ಡಾಕ್ಟರಲ್ಲದ ಒರ್ಲೀನಾ

ಸೌರ್‌ವುಡ್‌ಗೆ ಬಂದು "ಇಲ್ಲಿ ಪಿ.ಎ. ಎಲ್ಲಿ ಸಿಗ್ತಾರೆ?" ಎಂದು ಕೇಳಿದರೆ ನಮ್ಮವರು ಉತ್ತರದ ಕಡೆ ಕೈ ತೋರಿಸುತ್ತಾರೆ. ಪೆನ್ಸಿಲ್ವೇನಿಯಾ ರಾಜ್ಯವನ್ನು ಲಕೋಟೆಯ ಮೇಲೆ ಹಾಗೇ ಎರಡಕ್ಷರದಲ್ಲಿ ಬರೆಯುವುದಲ್ಲವೇ, ಪಾಪ, ಯಾರೋ ದಾರಿ ತಪ್ಪಿ ಈ ಅಪಲಾಚಿಯಾದ ಗುಡ್ಡಗಳೊಳಗೆ ನುಗ್ಗಿದ್ದಾನೆ ಎಂದುಕೊಳ್ಳುತ್ತಾರೆ. ಅದೇ ಡಾಕ್ಟರು ಅನ್ನುವುದನ್ನು ಮೊಟಕು ಮಾಡಿ "ಡಾಕ್ ಒರ್ಲೀನಾ" ಎನ್ನಿ, ಹಳೇ ಅಂಚೆ ಕಚೇರಿಯ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಅಂಚೆ ಕಚೇರಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿರುವುದು ಕ್ಲಿನಿಕ್ಕು.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು. ಒರ್ಲೀನಾ ಕಾಡಿಲ್ ಡಾಕ್ಟರಲ್ಲ. ಅವಳು ಓದಿದ್ದು ಫಿಜಿಷಿಯನ್ ಅಸಿಸ್ಟೆಂಟ್, ಚಿಕ್ಕದಾಗಿ ಪಿ.ಎ., ಆಗುವುದಕ್ಕೆ. ಅವಳು ಕಾಯಿಲೆ ಪತ್ತೆ ಮಾಡಬಹುದು, ಔಷಧಿ ಬರೆಯಬಹುದು, ಗಾಯಕ್ಕೆ ಹೊಲಿಗೆ ಹಾಕಬಹುದು. ಅದಕ್ಕೆಲ್ಲ ಒಬ್ಬ ಡಾಕ್ಟರು 'ಈಕೆಯ ಕೆಲಸಕ್ಕೆ ನಾನು ಜೊತೆಗಿದ್ದೇನೆ' ಎಂದು ಸಹಿ ಹಾಕಿದ ಕಾಗದವೊಂದು ಇರಲೇಬೇಕು, ನಮ್ಮ ರಾಜ್ಯದಲ್ಲಿ ಆಗಿನ ಕಾನೂನು ಅದು. ಆ ಕಾಗದ ತೂಕದ ಯಂತ್ರದ ಪಕ್ಕದ ಗೋಡೆಯ ಮೇಲೆ ಚೌಕಟ್ಟಿನೊಳಗೆ ಇತ್ತು. ಸಹಿ ಡಾಕ್ಟರ್ ಪ್ರುಯಿಟ್ ಅವರದು. ಇಪ್ಪತ್ತೊಂಬತ್ತು ವರ್ಷದಲ್ಲಿ ಅದನ್ನು ಓದಿದವರು ಒಬ್ಬರೂ ಇಲ್ಲ. ಯಂತ್ರದ ಮೇಲೆ ನಿಂತವರಿಗೆ ತಮ್ಮ ತೂಕದ ಚಿಂತೆಯೇ ಸಾಕಾಗಿತ್ತು.

ಮೊದಲೆರಡು ವರ್ಷ ಒರ್ಲೀನಾ ಬಂದವರಿಗೆಲ್ಲ ಸರಿಯಾಗಿಯೇ ಹೇಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆಂಟು. ಒಂದು ಮಂಗಳವಾರ ಹೋಬರ್ಟ್ ಸ್ಲೋನ್ ಕುಂಟುತ್ತ ಬಂದ. ಕಲ್ಲಿದ್ದಲ ಗಣಿಯ ಆಳು, ಮುಂದಿನ ಹಲ್ಲು ಆಗಲೇ ಎರಡು ಇರಲಿಲ್ಲ, ಬಾಯಿ ಮಾತ್ರ ಊರಗಲ.

"ನಾನು ಡಾಕ್ಟರಲ್ಲ, ಹೋಬರ್ಟ್ ಅಂಕಲ್. ಫಿಜಿಷಿಯನ್ ಅಸಿಸ್ಟೆಂಟು."

"ಅಂದ್ರೆ ಡಾಕ್ಟರ ಚೀಲ ಹಿಡ್ಕೊಳ್ಳೋಳು."

"ಅಲ್ಲ. ನಾನೇ ನೋಡ್ತೀನಿ, ನಾನೇ ಔಷಧಿ ಕೊಡ್ತೀನಿ."

"ಇರ್ಲಿ ಬಿಡಮ್ಮ. ಡಾಕ್ಟರು ಬರೋತನಕ ಕಾಯ್ತೀನಿ."

ಡಾಕ್ಟರ್ ಪ್ರುಯಿಟ್ ಬರುತ್ತಿದ್ದದ್ದು ಗುರುವಾರ ಮಾತ್ರ. ಹಾಗೆಂದರೂ ಕೇಳದೆ ಹೋಬರ್ಟ್ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಬೆಂಚಿನ ಮೇಲೆ ಕುಳಿತ. ಹಟ ಎಂದರೆ ಹಟ. ಮಧ್ಯಾಹ್ನ ಒರ್ಲೀನಾ ತನ್ನ ಬುತ್ತಿಯ ಅರ್ಧ ಸ್ಯಾಂಡ್‌ವಿಚ್ ಅವನ ಕೈಗಿಟ್ಟಳು. ಸಂಜೆ ಬೀಗದ ಕೈ ಹಿಡಿದು ಎದುರು ನಿಂತಳು.

"ಇನ್ನೆರಡು ದಿನ ಹೀಗೇ ಕೂತಿರ್ತೀರೋ, ಬೂಟು ಬಿಚ್ತೀರೋ?"

ಬೂಟು ಬಿಚ್ಚಿದ. ಅಟ್ಟೆ ತೂರಿ ಬಂದ ಒಂದು ಮೊಳೆ ಅಂಗಾಲಿನಲ್ಲಿ ಬೆರಳುಗುರಿನಷ್ಟು ಹೊಕ್ಕಿತ್ತು. ಕಾಲ್ಚೀಲ ರಕ್ತದಲ್ಲಿ ಗಟ್ಟಿಯಾಗಿತ್ತು. "ಏನೋ ಒಂಚೂರು ಬಿಗಿ ಅನ್ನಿಸ್ತಿತ್ತು, ನೋವೇನಿಲ್ಲ" ಎಂದ ಹೋಬರ್ಟ್. ಮೊಳೆಗಿಂತ ಆ 'ನೋವೇನಿಲ್ಲ' ಒರ್ಲೀನಾಳನ್ನು ಹೆದರಿಸಿತು. ಬೆರಳು ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಕಾಯಿಲೆ ಯಾವ ಕಾಲದಿಂದಲೋ ಒಳಗೆ ಸೇರಿಕೊಂಡು ಕಾಲಿನ ಅರಿವನ್ನೇ ತಿಂದುಹಾಕಿತ್ತು.

"ಇವತ್ತಿಂದ ನೀನು ನಂಗೆ ಡಾಕ್" ಎಂದ ಹೋಬರ್ಟ್, ಕಟ್ಟು ಹಾಕಿಸಿಕೊಂಡು ಏಳುತ್ತ. "ಆ ಇನ್ನೊಂದು ಹೆಸರಿದೆಯಲ್ಲ, ಅದು ಈ ಬೊಚ್ಚು ಬಾಯಲ್ಲಿ ಹೊರಳಲ್ಲಮ್ಮ. ಉಗುಳು ಹಾರುತ್ತೆ."

ಒರ್ಲೀನಾ ನಕ್ಕು ಸುಮ್ಮನಾದಳು. ಸುಮ್ಮನಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. 'ಅಸಿಸ್ಟೆಂಟ್' ಎಂದ ಕೂಡಲೇ ಜನರ ಮುಖ ಬಾಡುತ್ತಿತ್ತು. 'ಡಾಕ್' ಎಂದುಕೊಂಡರೆ ಅರಳುತ್ತಿತ್ತು. ಅರಳಿದ ಮುಖದವರು ಹೇಳಿದ ಹೊತ್ತಿಗೆ ಮಾತ್ರೆ ನುಂಗುತ್ತಿದ್ದರು. ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತ ಕುಳಿತರೆ ಸಾಲು ಕರಗುವುದು ಯಾವಾಗ? ಹೀಗೆ ಒಂದು ದಿನ ಬಿಟ್ಟದ್ದು ಒಂದು ವರ್ಷವಾಯಿತು, ಆಮೇಲೆ ಅದೇ ರೂಢಿಯಾಯಿತು.

ಅಂದಿನಿಂದ ಎರಡು ವಾರಕ್ಕೊಮ್ಮೆ ಶುಕ್ರವಾರ ಹೋಬರ್ಟ್ ಬರಬೇಕು, ಒರ್ಲೀನಾ "ಬೂಟು ಬಿಚ್ಚಿ ಅಂಕಲ್" ಎನ್ನಬೇಕು. ಅವಳು ನೆಲಕ್ಕೆ ಮಂಡಿಯೂರಿ, ಚಿಕ್ಕ ಕನ್ನಡಿ ಹಿಡಿದು ಅಂಗಾಲು ನೋಡುವಳು, ಹತ್ತೂ ಬೆರಳ ಸಂದು ಬಿಡಿಸಿ ನೋಡುವಳು. ಹೋಬರ್ಟನ ಹೆಂಡತಿ ಮರ್ಲಿ ಇದನ್ನು ಒಮ್ಮೆ ನೋಡಿ, "ಸಿಮೆಂಟು ನೆಲದ ಮೇಲೆ ಮಂಡಿ ಸವೆಸ್ಕೋತೀಯಲ್ಲೇ" ಎಂದು ಬೈದು, ಗಂಡನ ಹಳೇ ಅಂಗಿಗಳನ್ನು ಕತ್ತರಿಸಿ ಒಂದು ತುಂಡು ಕೌದಿ ಹೊಲಿದು ತಂದುಕೊಟ್ಟಳು. ಮರ್ಲಿ ತೀರಿಕೊಂಡು ಒಂಬತ್ತು ವರ್ಷ. ಕೌದಿ ಇನ್ನೂ ಇದೆ. ಶುಕ್ರವಾರ ಅದನ್ನು ಹಾಸುವಾಗ ಹೋಬರ್ಟ್ ಮಾತು ನಿಲ್ಲಿಸಿ ಒಂದು ಕ್ಷಣ ಅದನ್ನೇ ನೋಡುತ್ತಾನೆ. ಒರ್ಲೀನಾ ಆಗ ಬೇಕೆಂದೇ ಕನ್ನಡಿ ಒರೆಸುತ್ತಿರುತ್ತಾಳೆ.

ಡಾಕ್ಟರ್ ಪ್ರುಯಿಟ್ ಒಳ್ಳೆಯವರು. ಮೊದಲು ಗುರುವಾರಗಳಂದು ಬರುತ್ತಿದ್ದರು, ಮಂಡಿ ಸೋತ ಮೇಲೆ ಫೋನಿನಲ್ಲೇ. ಒರ್ಲೀನಾಗೆ ಒಂದು ಕಾಯಿಲೆ ತನ್ನ ಕೈ ಮೀರಿದ್ದು ಎನ್ನಿಸಿದರೆ ರೋಗಿಯ ಎದುರೇ ಫೋನು ಎತ್ತುವಳು. ಆ ಕಡೆಯಿಂದ ಯಾವಾಗಲೂ ಅವೇ ಮೂರು ಪ್ರಶ್ನೆ.

"ಏನು ಕಂಡೆ? ಏನು ಕೇಳ್ದೆ? ನಿನ್ ಮನಸ್ಸು ಏನನ್ನುತ್ತೆ?"

ಕೊನೆಯಲ್ಲಿ ಒಂದು ಬೈಗುಳ. "ಒಂದ್ಸಲ ರಾಜಧಾನಿಗೆ ಹೋಗಿ ಬಾಯಿ ಬಿಡೇ ಮಾರಾಯ್ತಿ. ನಂಗೆ ಎಂಬತ್ತು ದಾಟ್ತು. ನಾನು ಹೋದ್ ದಿನ ನನ್ ಸಹಿನೂ ಹೋಗುತ್ತೆ."

ಪಿ.ಎ.ಗಳ ಸಂಘದವರೂ ಪ್ರತಿ ಚಳಿಗಾಲ ಪತ್ರ ಬರೆಯುತ್ತಿದ್ದರು. ಡಾಕ್ಟರು ತೀರಿಕೊಂಡ ಮಾತ್ರಕ್ಕೆ ಕ್ಲಿನಿಕ್ಕಿಗೆ ಬೀಗ ಬೀಳಬಾರದು ಎಂದು ಮಸೂದೆಯೊಂದು ಶಾಸನಸಭೆಯಲ್ಲಿ ವರ್ಷಾನುಗಟ್ಟಲೆ ಕೊಳೆಯುತ್ತಿತ್ತು. ಹಳ್ಳಿಯಲ್ಲಿ ಕೆಲಸ ಮಾಡುವವರು ಬಂದು ಸಮಿತಿಯ ಮುಂದೆ ಮೂರು ನಿಮಿಷ ಮಾತಾಡಬೇಕು, ನಮ್ಮ ಕೆಲಸ ಏನು ಎಂದು ನಾವೇ ಹೇಳದಿದ್ದರೆ ಇನ್ಯಾರು ಹೇಳುತ್ತಾರೆ ಎಂದು ಅವರ ಕರೆ. "ನಾನು ಅಲ್ಲಿಗೆ ಹೋದ್ರೆ ಶುಕ್ರವಾರ ಕಾಲು ನೋಡೋರ್ಯಾರು?" ಎಂದು ಒರ್ಲೀನಾ ಆ ಪತ್ರಗಳನ್ನೆಲ್ಲ ಡ್ರಾಯರಿಗೆ ತುರುಕುತ್ತಿದ್ದಳು. ನಿಜ ಹೇಳಬೇಕೆಂದರೆ, ನಾಲ್ಕು ಜನರ ಮುಂದೆ ತನ್ನ ಬಗ್ಗೆ ಮಾತಾಡುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಡಾಕ್ಟರ್ ಪ್ರುಯಿಟ್ ತಿಂಡಿಯ ಮೇಜಿನ ಮುಂದೆ ಕುಳಿತಲ್ಲೇ ಹೋಗಿಬಿಟ್ಟರು. ಊರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ, ಬೇಯಿಸಿದ ಬೀನ್ಸು, ಸೇಬಿನ ಪದರದ ಕೇಕು ತಿಂದು, ಅವರ ಒಳ್ಳೇತನ ನೆನೆದು ಅತ್ತಿತು. ಮರುದಿನ ಒರ್ಲೀನಾ ತಾನೇ ಕುರ್ಚಿ ಹತ್ತಿ ಗೋಡೆಯ ಚೌಕಟ್ಟು ಇಳಿಸಿದಳು. ಮುಂಬಾಗಿಲ ಮೇಜಿನಲ್ಲಿ ಕೂರುವ ಓಪಲ್ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದಳು.

"ಏನೇ ಇದು?"

"ಮುಚ್ಚಬೇಕು ಕಣೇ. ಅವರಿಲ್ಲ ಅಂದ್ರೆ ಕೆಮ್ಮಿನ ಔಷಧಿ ಬರೆಯೋ ಹಾಗೂ ಇಲ್ಲ ನಾನು."

"ಮೊನ್ನೆ ತನಕ ಬರೀತಿದ್ದ ಕೈ ತಾನೇ ಅದು?"

ಆ ವಾರ ಒರ್ಲೀನಾ ಸಹಿ ಕೇಳಿ ಹನ್ನೊಂದು ಡಾಕ್ಟರುಗಳಿಗೆ ಫೋನು ಮಾಡಿದಳು. ಕೆಲವರು ಅಷ್ಟು ದೂರದ ಹೊಣೆ ಬೇಡವೆಂದರು, ಕೆಲವರು ನೋಡೋಣ ಎಂದರು. ನೋಡೋಣ ಎಂದವರು ಇನ್ನೂ ನೋಡುತ್ತಲೇ ಇದ್ದಾರೆ.

ಶುಕ್ರವಾರ ಬಂತು. ಹೋಬರ್ಟ್ ಬೀಗ ಬಿದ್ದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿಯೇಬಿಟ್ಟ. ಎಪ್ಪತ್ತೆಂಟರ ಮುದುಕ, ಆ ಚಳಿಯಲ್ಲಿ.

"ಹಾಕ್ಕೊಳ್ಳಿ ಅಂಕಲ್. ನಾನು ನೋಡೋ ಹಾಗಿಲ್ಲ."

"ಕಣ್ಣಿಗೂ ಬೀಗ ಹಾಕಿದಾರಾ? ಪಕ್ಕದ್ಮನೆಯೋಳು ಅಂದ್ಕೊಂಡು ನೋಡು."

ನೋಡಿದಳು. ಕಿರುಬೆರಳ ಸಂದಿನಲ್ಲಿ ಕಾಳಿನಷ್ಟು ಹುಣ್ಣು. ಮುಂಚಿನ ದಿನಗಳಾಗಿದ್ದರೆ ತೊಳೆದು, ಸತ್ತ ಚರ್ಮ ತೆಗೆದು, ಔಷಧಿ ಬರೆದು, ದಿನಾ ಬಾ ಎನ್ನುತ್ತಿದ್ದಳು, ಹತ್ತು ದಿನದಲ್ಲಿ ಮಾಯುತ್ತಿತ್ತು. ಈಗ ಅವನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡದಾಚೆಯ ಆಸ್ಪತ್ರೆಗೆ ಒಂದೂವರೆ ಗಂಟೆ ಓಡಿಸಿದಳು. ಅಲ್ಲಿ ಜಾತ್ರೆಯಷ್ಟು ಜನ. ಒಂದು ಪಟ್ಟಿ ಕಟ್ಟಿ, ಕಾಲಿನ ಡಾಕ್ಟರನ್ನು ನೋಡಲು ಹತ್ತೊಂಬತ್ತು ದಿನದ ಮೇಲೆ ಬರಹೇಳಿದರು. ಅಷ್ಟರಲ್ಲಿ ಹಿಮ ಬಿದ್ದು ಗುಡ್ಡದ ದಾರಿ ಎರಡು ಸಲ ಮುಚ್ಚಿತು. ಒರ್ಲೀನಾ ದಿನಾ ಹೋಗಿ ಪಟ್ಟಿ ಬದಲಿಸಿದಳು, ದಿನಾ ಆಸ್ಪತ್ರೆಗೆ ಫೋನು ಹಚ್ಚಿ ಗೋಗರೆದಳು. ಕೊನೆಗೂ ಅವರ ಕಣ್ಣಿಗೆ ಕಾಲು ಬೀಳುವಷ್ಟರಲ್ಲಿ ಕಿರುಬೆರಳೂ ಪಕ್ಕದ್ದೂ ಕಪ್ಪಾಗಿದ್ದವು. ಎರಡನ್ನೂ ತೆಗೆದರು.

ಆಸ್ಪತ್ರೆಯ ಹೊರಗೆ ಗಾಡಿಯಲ್ಲಿ ಕುಳಿತು ಒರ್ಲೀನಾ ಬಿಕ್ಕಿ ಬಿಕ್ಕಿ ಅತ್ತಳು. ಇಪ್ಪತ್ತೇಳು ವರ್ಷ ಕಾಯ್ದುಕೊಂಡು ಬಂದ ಬೆರಳುಗಳು! ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ಯೋಚಿಸಿದರೆ, ಪತ್ರ ತುರುಕಿದ ಆ ಡ್ರಾಯರೇ ಕಣ್ಣ ಮುಂದೆ ಬಂತು. ಊರಿಗೆ ಬಂದವಳೇ ಕ್ಲಿನಿಕ್ಕಿನ ಬೀಗ ತೆಗೆದು ಎಲ್ಲ ಪತ್ರಗಳನ್ನೂ ಹೊರಗೆಳೆದಳು. ಮಸೂದೆ ಈ ಸಲವೂ ಸಮಿತಿಯ ಮುಂದಿತ್ತು. ಸಂಘದವರಿಗೆ ಫೋನು ಮಾಡಿ, "ಬರ್ತೀನಿ" ಎಂದಳು.

ಸುದ್ದಿ ಕೇಳಿ ಓಪಲ್ ಟೊಂಕ ಕಟ್ಟಿ ನಿಂತಳು. ಚರ್ಚು, ಪೆಟ್ರೋಲ್ ಬಂಕು, ಕ್ಷೌರದಂಗಡಿ ಒಂದನ್ನೂ ಬಿಡದೆ ತಿರುಗಿ ಮುನ್ನೂರ ನಲವತ್ತು ಸಹಿ ಗುಡ್ಡೆ ಹಾಕಿದಳು. ಪ್ರತಿ ಹಾಳೆಯ ನೆತ್ತಿಯ ಮೇಲೆ ಅವಳದೇ ದಪ್ಪಕ್ಷರ: 'ನಮ್ಮ ಡಾಕ್ಟರನ್ನು ನಮಗೆ ಬಿಟ್ಟುಕೊಡಿ.' ಅದನ್ನು ಒರ್ಲೀನಾಗೂ ತೋರಿಸದೆ ನೇರ ರಾಜಧಾನಿಗೆ ಅಂಚೆಯಲ್ಲಿ ಕಳಿಸಿದಳು, ಅವಳಿಗೆ ಖುಷಿಯಾಗಲಿ ಎಂದು.

ಸಮಿತಿಯ ವಿಚಾರಣೆಯ ದಿನ ಗಾಡಿಯಲ್ಲಿ ಮೂವರು. ಒರ್ಲೀನಾ, ಓಪಲ್, ಜೊತೆಗೆ ಬರಬೇಡ ಎಂದರೂ ಕೇಳದೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತ ಹೋಬರ್ಟ್. ಸಭಾಂಗಣದಲ್ಲಿ ಮಾತಾಡುವವರ ಮುಂದೆ ಒಂದು ಪುಟ್ಟ ದೀಪ. ಹಸಿರು ಇರುವವರೆಗೆ ಮಾತಾಡಬಹುದು, ಕೆಂಪಾದರೆ ನಿಲ್ಲಿಸಬೇಕು. ಒರ್ಲೀನಾ ಬರೆದು ತಂದಿದ್ದ ಹಾಳೆ ಬಿಚ್ಚಿ ಎರಡು ಸಾಲು ಓದಿದಳೋ ಇಲ್ಲವೋ, ಸೆನೆಟರ್ ಒಬ್ಬ ಕೈ ಎತ್ತಿದ. ಬೆಳ್ಳಗಿನ ಮೀಸೆ, ಮೆತ್ತಗಿನ ದನಿ.

"ಒಂದು ನಿಮಿಷ ಮೇಡಂ. ನಿಮ್ಮೂರಿನ ಅರ್ಜಿ ನನ್ನ ಕೈಲಿದೆ. ಮುನ್ನೂರ ನಲವತ್ತು ಜನ ನಿಮ್ಮನ್ನ ಡಾಕ್ಟರು ಅಂತಿದಾರೆ. ನೀವು ಡಾಕ್ಟರಾ?"

"ಅಲ್ಲ."

"ಮತ್ತೆ ಇವರಿಗೆ ಹಾಗಂತ ಹೇಳಿದ್ಯಾರು? ತಮ್ಮನ್ನ ನೋಡ್ತಿರೋರು ಯಾರು ಅನ್ನೋದೇ ಗೊತ್ತಿಲ್ಲದ ಜನರನ್ನ ನಿಮ್ಮ ಕೈಗೆ ಹೇಗ್ರೀ ಒಪ್ಪಿಸೋದು?"

ಓಪಲ್ ಬಾಯಿಗೆ ಕೈ ಅಡ್ಡ ಹಿಡಿದಳು. ದೀಪ ಹಸಿರಾಗಿಯೇ ಉರಿಯುತ್ತಿತ್ತು, ಕಾಲ ಓಡುತ್ತಿತ್ತು. ಒರ್ಲೀನಾ ಹಾಳೆ ಮಡಿಸಿ ಪಕ್ಕಕ್ಕಿಟ್ಟಳು.

"ಮೊದಲೆರಡು ವರ್ಷ ತಿದ್ದಿದೆ, ಸಾಹೇಬ್ರೇ. ಆಮೇಲೆ ಬಿಟ್ಟುಬಿಟ್ಟೆ. ಅಸಿಸ್ಟೆಂಟ್ ಅಂದ್ರೆ ಜನರ ಮುಖ ಬೀಳ್ತಿತ್ತು, ನೋಡೋಕೆ ನನ್ ಕೈಲಾಗ್ತಿರ್ಲಿಲ್ಲ. ತಪ್ಪು ನಂದು. ಅವರದ್ದಲ್ಲ."

ಒಂದು ಉಸಿರು ಎಳೆದುಕೊಂಡು ಮುಂದುವರಿಸಿದಳು.

"ಈಗ ಹೇಳ್ತೀನಿ ಕೇಳಿ. ನಾನು ಡಾಕ್ಟರಲ್ಲ, ಅವರ ಚೀಲ ಹಿಡಿಯೋಳೂ ಅಲ್ಲ. ನಂಗೆ ಗೊತ್ತಿರೋದು ಚೆನ್ನಾಗಿ ಗೊತ್ತು. ನಂಗೆ ಗೊತ್ತಿರೋದು ಎಲ್ಲಿಗೆ ಮುಗಿಯುತ್ತೆ ಅನ್ನೋದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿಗೆ ಬಂದಾಗ ಫೋನೆತ್ತಿ ಡಾಕ್ಟರನ್ನ ಕೇಳ್ತೀನಿ. ಇಪ್ಪತ್ತೊಂಬತ್ತು ವರ್ಷ ಕೇಳಿದೀನಿ, ಇನ್ಮೇಲೂ ಕೇಳ್ತೀನಿ. ಡಾಕ್ಟರು ಬೇಡ ಅಂತ ನಾನು ಬಂದಿಲ್ಲ. ಆದ್ರೆ ಒಬ್ಬರ ಉಸಿರಿಗೆ ಒಂದೂರಿನ ಬಾಗಿಲು ಕಟ್ಟಿಹಾಕ್ಬೇಡಿ. ನಮ್ ಡಾಕ್ಟರು ಮಂಗಳವಾರ ತೀರ್ಕೊಂಡ್ರು. ನಂಗೆ ಸೋಮವಾರ ಗೊತ್ತಿದ್ದಿದ್ದೆಲ್ಲ ಬುಧವಾರನೂ ಗೊತ್ತಿತ್ತು..."

ದೀಪ ಕೆಂಪಾಯಿತು. ಅಧ್ಯಕ್ಷೆ ಧನ್ಯವಾದ ಹೇಳಿ ಮುಂದಿನ ಹೆಸರು ಕರೆಯಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು. ಹೋಬರ್ಟ್ ಎದ್ದು ನಿಂತಿದ್ದ.

"ಕೂತ್ಕೊಳ್ಳಿ ಯಜಮಾನ್ರೇ. ಪಟ್ಟಿಲಿ ನಿಮ್ಮ ಹೆಸರಿಲ್ಲ."

"ಪಟ್ಟಿಲಿ ಹೆಸರೂ ಇಲ್ಲ, ಕಾಲಲ್ಲಿ ಎರಡು ಬೆರಳೂ ಇಲ್ಲ. ಒಂದೇ ಮಾತು ಹೇಳಿ ಕೂತ್ಕೋತೀನಿ, ತಾಯಿ."

ಯಾರೋ ನಕ್ಕರು, ಆಮೇಲೆ ನಗು ತಡೆದುಕೊಂಡರು. ಅಧ್ಯಕ್ಷೆ ಬೇಡ ಎನ್ನಲಿಲ್ಲ.

"ಅವಳು ಹೇಳಿದ್ಳು ಸ್ವಾಮಿ. ಮೊದಲ್ನೇ ದಿನಾನೇ ಹೇಳಿದ್ಳು. ಆ ಹೆಸರು ನನ್ ಬೊಚ್ಚು ಬಾಯಲ್ಲಿ ಹೊರಳಲ್ಲ, ಡಾಕ್ ಅಂತೀನಿ ಅಂದೋನು ನಾನು. ನನ್ ನೋಡ್ಕೊಂಡು ಊರೆಲ್ಲ ಅಂದಿದ್ದು. ನಮ್ ಬಾಯಿಗೆ ಹಲ್ಲಿಲ್ಲದ್ದಕ್ಕೆ ಅವಳಿಗೆ ಶಿಕ್ಷೆ ಕೊಡ್ಬೇಡಿ. ಇಪ್ಪತ್ತೇಳು ವರ್ಷ ಅವಳು ನನ್ ಕಾಲ ಬುಡದಲ್ಲಿ ಮಂಡಿಯೂರಿದಾಳೆ, ಒಂದು ಬೆರಳೂ ಹೋಗ್ಲಿಲ್ಲ. ಅವಳ ಬಾಗಿಲು ಮುಚ್ಚಿದ ಐದು ವಾರಕ್ಕೆ ಎರಡು ಹೋದ್ವು. ಅಷ್ಟೇ."

ಕೂತುಬಿಟ್ಟ. ಒರ್ಲೀನಾ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಸಮಿತಿಯಲ್ಲಿ ಮಸೂದೆ ಆರಕ್ಕೆ ಐದು ಮತದಲ್ಲಿ ದಾಟಿತು. ಬೆಳ್ಳಗಿನ ಮೀಸೆಯವನು ವಿರುದ್ಧವೇ ಕೈ ಎತ್ತಿದ, ಇರಲಿ, ಅವನ ಪ್ರಶ್ನೆಯಲ್ಲಿ ಸುಳ್ಳೇನೂ ಇರಲಿಲ್ಲ. ಏಪ್ರಿಲ್ ಹೊತ್ತಿಗೆ ಕಾನೂನಾಯಿತು. ಇನ್ನು ಮುಂದೆ ಒಬ್ಬರೇ ಡಾಕ್ಟರ ಸಹಿ ಬೇಕಿಲ್ಲ. ಕ್ಲಿನಿಕ್ಕು ಒಂದು ಆಸ್ಪತ್ರೆಯ ಡಾಕ್ಟರುಗಳೆಲ್ಲರ ಜೊತೆ ಒಪ್ಪಂದ ಮಾಡಿಕೊಂಡರೆ ಸಾಕು, ಯಾರಿದ್ದರೂ ಫೋನು ಎತ್ತುತ್ತಾರೆ. ಹದಿನಾಲ್ಕು ವಾರದ ಮೇಲೆ ಬೀಗ ತೆರೆಯಿತು. ಹಳೇ ಚೌಕಟ್ಟನ್ನು ಒರ್ಲೀನಾ ತನ್ನ ಮನೆಯಲ್ಲಿಟ್ಟುಕೊಂಡಳು, ಆ ಸಹಿಯ ಮೇಲೆ ಅವಳಿಗೆ ಅಷ್ಟು ಪ್ರೀತಿ. ಬಾಗಿಲಿಗೆ ಹೊಸ ಹಲಗೆ ಬಂತು: 'ಒರ್ಲೀನಾ ಕಾಡಿಲ್, ಫಿಜಿಷಿಯನ್ ಅಸಿಸ್ಟೆಂಟ್.' ಅದರ ಕೆಳಗೆ ಚಿಕ್ಕದಾಗಿ, ಅವಳೇ ಬರೆಸಿದ್ದು: 'ಹಾಗೆಂದರೇನು ಅಂತ ಕೇಳಿ, ಹೇಳುತ್ತೇನೆ.'

ಮೊದಲ ಶುಕ್ರವಾರ ಬೆಂಚು ತುಂಬಿತ್ತು. ಹೋಬರ್ಟ್ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಗಂಭೀರವಾಗಿ ಕುಳಿತಿದ್ದ. ಅದೇ ಒಂದು ವಿಚಿತ್ರ. ಪಕ್ಕದಲ್ಲಿ ಹೆದ್ದಾರಿಯಿಂದ ಇಳಿದು ಬಂದಿದ್ದ ಪರವೂರಿನ ಲಾರಿ ಡ್ರೈವರ್ ಒಬ್ಬ ಕೆಮ್ಮುತ್ತಿದ್ದ.

"ಡಾಕ್ಟರು ಯಾವಾಗ ಬರ್ತಾರೆ?" ಎಂದ ಅವನು ಓಪಲ್‌ಗೆ.

ಕೌದಿ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ಒರ್ಲೀನಾ ಉತ್ತರಿಸಲು ಬಾಯಿ ತೆರೆದಳು. ಹೋಬರ್ಟ್ ಅವಳಿಗಿಂತ ಮುಂದಾದ.

"ಇಲ್ಲಿ ಡಾಕ್ಟರಿಲ್ಲ. ಇರೋಳು ಫಿ... ಜಿ... ಷಿ... ಯನ್ ಅಸಿಸ್ಟೆಂಟು."

ಅವನ ಬಾಯೊಳಗೆ ಹೊಚ್ಚ ಹೊಸ ಹಲ್ಲಿನ ಸೆಟ್ಟು ಟಕ್ ಎಂದಿತು. ಊರಲ್ಲಿ ಯಾರಿಗೂ ಹೇಳದೆ ಕಟ್ಟಿಸಿಕೊಂಡು ಬಂದಿದ್ದ, ಕಳ್ಳ.

"ಅಂದ್ರೆ ಡಾಕ್ಟರ ಚೀಲ ಹಿಡ್ಕೊಳ್ಳೋರಾ?"

"ಅಲ್ವೋ ತಮ್ಮ. ಅವಳೇ ನೋಡ್ತಾಳೆ, ಅವಳೇ ಔಷಧಿ ಕೊಡ್ತಾಳೆ. ಗೊತ್ತಿಲ್ದಿದ್ದನ್ನ ಕೇಳ್ತಾಳೆ. ನಾನೂ ನಿನ್ ಹಾಗೇ ಒಂದಿನ ಬೆಳಿಗ್ಗೆಯಿಂದ ಸಂಜೆತನಕ ಇದೇ ಬೆಂಚಲ್ಲಿ ಕಾದಿದ್ದೆ. ನೀನು ಕಾಯ್ಬೇಡ."

ಒರ್ಲೀನಾ ಹೋಬರ್ಟನನ್ನು ಒಳಗೆ ಕರೆದು ಕೂರಿಸಿದಳು, ಕೌದಿ ಹಾಸಿ ಮಂಡಿಯೂರಿದಳು.

"ಬೂಟು ಬಿಚ್ಚಿ ಅಂಕಲ್."

ಬಿಚ್ಚಿದ. ಆಮೇಲೆ ಹೊರಗಿನವನಿಗೆ ಕೇಳಿಸದ ಹಾಗೆ ಬಗ್ಗಿ, ಪಿಸುದನಿಯಲ್ಲಿ ಕೇಳಿದ.

"ಸರಿಯಾಗಿ ಹೇಳ್ದ್ನಾ, ಡಾಕ್?"

"ಡಾಕ್ ಅಲ್ಲ" ಎಂದಳು ಒರ್ಲೀನಾ, ಕಣ್ಣೊರೆಸಿಕೊಂಡು, ಉಳಿದ ಎಂಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ.